ತಳಿಗೆ ತಕ್ಕ ಮೇವು: ಹಂದಿಯ ತೂಕವೂ ಮಾಂಸವೂ ಕೈಗೆ ಸಿಗುವ ಕ್ರಮ

ಮುಧೋಳದ ಹತ್ತಿರದ ಒಂದು ದೊಡ್ಡಿಯಲ್ಲಿ ಏಳು ತಿಂಗಳ ಮಿಶ್ರತಳಿ ಹಂದಿಗಳು 42 ಕೆಜಿಗೆ ನಿಂತುಬಿಟ್ಟಿದ್ದವು. ಮೇವು ಹೋಟೆಲಿನ ಮುಸುರೆ. ಸಾಕಿದವರು ತಳಿಯನ್ನು ಬೈಯುತ್ತಿದ್ದರು. ಅದೇ ವಾರ ಬಸವನ ಬಾಗೇವಾಡಿ ಕಡೆಯವರೊಬ್ಬರು ಜವಾರಿ ಹಂದಿಗೆ ದುಬಾರಿ ಚೀಲದ ಮೇವು ತಿನ್ನಿಸಿ ಕಡಿಸಿದರೆ ಚರ್ಮದ ಕೆಳಗೆ ಮೂರು ಬೆರಳು ದಪ್ಪ ಕೊಬ್ಬು. ಇವರು ಬೈದದ್ದು ಮೇವಿನ ಕಂಪನಿಯನ್ನು. ಮೊದಲನೆಯವರು ಬದಲಿಸಬೇಕಾಗಿದ್ದುದು ಮೇವನ್ನು, ಎರಡನೆಯವರು ತಳಿಯನ್ನು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಇದೇ ಎರಡು ದೂರು ಮತ್ತೆ ಮತ್ತೆ ಬರುತ್ತಿರುವುದರಿಂದ ಇಡೀ ಕೆಲಸವನ್ನು ಮೊದಲಿನಿಂದ, ಮಾಡಬೇಕಾದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಒಂದು ಮಾತು ತಿಳಿದಿದ್ದರೆ ಮುಂದಿನದೆಲ್ಲ ಸಲೀಸು. ದಿನಕ್ಕೆ ಇಷ್ಟೇ ಮಾಂಸ ಕಟ್ಟಬಲ್ಲೆ ಎಂಬ ಮಿತಿಯನ್ನು ಪ್ರತಿ ಹಂದಿಯೂ ಹುಟ್ಟುವಾಗಲೇ ತಂದಿರುತ್ತದೆ. ಆ ಮಿತಿಯವರೆಗೆ ಕೊಟ್ಟ ಪ್ರೋಟೀನ್ ಮಾಂಸವಾಗುತ್ತದೆ. ಮಿತಿ ದಾಟಿ ಕೊಟ್ಟ ಕಾಳೆಲ್ಲ ಕೊಬ್ಬಾಗುತ್ತದೆ. ಮಿತಿ ದೊಡ್ಡದಿರುವ ಹಂದಿಗೆ ಪ್ರೋಟೀನ್ ಸಾಲದೆ ಹೋದರೆ ಅದು ಜವಾರಿಗಿಂತಲೂ ಕಡೆಯಾಗಿ ಸೊರಗುತ್ತದೆ, ಏಕೆಂದರೆ ಕಡಿಮೆ ಮೇವಿನಲ್ಲಿ ಬದುಕುವ ಜಾಣತನ ಅದರ ರಕ್ತದಲ್ಲಿಲ್ಲ.

## ಹಂತ 1: ಕೊಳ್ಳುವವರು ಯಾರೆಂದು ಮೊದಲು ಗೊತ್ತುಮಾಡಿಕೊಳ್ಳಿ

ಮರಿ ತರುವ ಮುನ್ನ ಮಾಂಸದಂಗಡಿಗೆ ಹೋಗಿ ಬನ್ನಿ. ಊರಿನಲ್ಲಿಯೇ ಬಿಡಿಯಾಗಿ ಮಾರುವವರು ಚರ್ಮ, ತುಸು ಕೊಬ್ಬು ಸಹಿತ 50ರಿಂದ 60 ಕೆಜಿಯ ಹಂದಿ ಕೇಳಬಹುದು. ಗೋವೆಯ ಕಡೆಗೆ ಕಳಿಸುವವರು 80 ಕೆಜಿ ಮೇಲ್ಪಟ್ಟ, ಮಾಂಸ ಹೆಚ್ಚಿರುವ ಹಂದಿ ಕೇಳುತ್ತಾರೆ. ಸಾಸೇಜ್ ಮಾಡುವವರಿಗೆ ಕೊಬ್ಬು ಬೇಕು, ಆದರೆ ಗಟ್ಟಿ ಕೊಬ್ಬು, ಕೈಯಲ್ಲಿ ಕರಗುವಂತಹದಲ್ಲ. ಬೇಕಾದ ತೂಕ ಮತ್ತು ಕೊಬ್ಬು ಎರಡನ್ನೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತಳಿಯ ಆಯ್ಕೆ ಅದರ ಮೇಲೆಯೇ ನಿಂತಿದೆ.

## ಹಂತ 2: ಸಲಕರಣೆ

ಹೆಚ್ಚೇನೂ ಬೇಡ. ದರ್ಜಿಯ ಟೇಪು, ಮೇವು ತೂಗುವ ತಕ್ಕಡಿ, ಕಿವಿಗೆ ಹಾಕುವ ಸಂಖ್ಯೆಯ ಬಿಲ್ಲೆಗಳು, ಜ್ವರ ನೋಡುವ ಥರ್ಮಾಮೀಟರ್, ಒಂದು ನೋಟ್‌ಬುಕ್. ಬಿಲ್ಲೆಗೆ ಖರ್ಚಾಗುತ್ತದೆಂದು ಬಿಡಬೇಡಿ. ಯಾವ ಮರಿ ಯಾವ ತಾಯಿಯದು ಎಂಬುದು ಗೊತ್ತಿಲ್ಲದಿದ್ದರೆ ಈ ಬರಹದ ಅರ್ಧ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

ಹಂದಿ ತೂಗುವ ಪಂಜರ ಇಲ್ಲದವರಿಗೆ ಟೇಪೇ ತಕ್ಕಡಿ. ಬೆಳಗ್ಗೆ ಮೇವು ಹಾಕುವ ಮುಂಚೆ, ಹಂದಿ ತಲೆ ನೆಟ್ಟಗಿಟ್ಟು ನಿಂತಿರುವಾಗ, ಮುಂಗಾಲಿನ ಹಿಂಬದಿಗೆ ಎದೆಯ ಸುತ್ತಳತೆ ತೆಗೆಯಿರಿ. ಎರಡು ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಬೆನ್ನಿನ ಮೇಲೆ ಉದ್ದ ಅಳೆಯಿರಿ. ಎರಡೂ ಮೀಟರಿನಲ್ಲಿರಲಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, ಕೊನೆಗೆ 69.3ರಿಂದ ಗುಣಿಸಿದರೆ ಕೆಜಿಯಲ್ಲಿ ಅಂದಾಜು ತೂಕ ಬರುತ್ತದೆ.

ನಮ್ಮ ದೊಡ್ಡಿಯ ಒಂದು ಹಂದಿಯ ಲೆಕ್ಕ ಹೀಗಿದೆ: ಸುತ್ತಳತೆ 98 ಸೆಂ.ಮೀ., ಉದ್ದ 108 ಸೆಂ.ಮೀ., ತೂಕ ಸುಮಾರು 72 ಕೆಜಿ. 21 ದಿನಗಳ ನಂತರ 104 ಮತ್ತು 112, ತೂಕ 84 ಕೆಜಿ. ಅಂದರೆ ದಿನಕ್ಕೆ ಸುಮಾರು 570 ಗ್ರಾಂ. ಈ ಒಂದು ಸಂಖ್ಯೆ ನಿಮ್ಮ ಬಳಿ ಇದ್ದರೆ ಮೇವಿನ ಅಂಗಡಿಯವರ ಮಾತು ಕೇಳುವ ಕಷ್ಟ ತಪ್ಪುತ್ತದೆ.

ಸಾಮಾನ್ಯ ತಪ್ಪು: ನೆಲ ಮೂಸುತ್ತಿರುವ ಹಂದಿಯನ್ನು ಅಳೆಯುವುದು. ತಲೆ ತಗ್ಗಿದರೆ ಬೆನ್ನು ಉದ್ದವಾಗುತ್ತದೆ, ಐದಾರು ಕೆಜಿ ಸುಮ್ಮನೆ ಏರುತ್ತದೆ.

## ಹಂತ 3: ತಳಿ ಆರಿಸುವುದು

ಯಾವ ತಳಿ ಏನು ಕೊಡುತ್ತದೆ ಎಂಬುದನ್ನು ಬಣ್ಣ ನೋಡಿ ಹೇಳಲು ಬರುವುದಿಲ್ಲ, ಆದರೂ ಒರಟು ಲೆಕ್ಕವೊಂದಿದೆ.

ಲಾರ್ಜ್ ವೈಟ್ ಯಾರ್ಕ್‌ಷೈರ್ ನಮ್ಮಲ್ಲಿ ಸುಲಭವಾಗಿ ಸಿಗುವ ತಳಿ. ಬೆಳವಣಿಗೆ ಚೆನ್ನಾಗಿದೆ, ಮರಿ ಹೆಚ್ಚು, ತಾಯ್ತನ ಒಳ್ಳೆಯದು. ಬಿಳಿ ಚರ್ಮಕ್ಕೆ ಬಿಸಿಲು ಸುಡುತ್ತದೆ ಎಂಬುದೊಂದೇ ವಿಜಯಪುರದವರು ನೆನಪಿಡಬೇಕಾದ ಮಾತು. ಲ್ಯಾಂಡ್‌ರೇಸ್ ಉದ್ದ ಮೈಯ, ಜೋತುಬಿದ್ದ ಕಿವಿಯ ತಳಿ. ಹಾಲು ಸಮೃದ್ಧ, ಕಾಲು ತುಸು ಸೂಕ್ಷ್ಮ, ಒರಟು ಕಲ್ಲುನೆಲ ಸಹಿಸುವುದಿಲ್ಲ. ಡ್ಯೂರಾಕ್ ಕೆಂಪು ಹಂದಿ. ಮಾಂಸಖಂಡದ ಒಳಗೆಯೇ ಎಳೆಎಳೆಯಾಗಿ ಕೊಬ್ಬು ಕೂರಿಸುವ ಗುಣ ಇದಕ್ಕಿದೆ. ಬೇಯಿಸಿದಾಗ ಮಾಂಸ ಮೆತ್ತಗೆ ರಸವತ್ತಾಗಿರುವುದು ಆ ಎಳೆಗಳಿಂದ. ಪಿಯೆಟ್ರೇನ್ ಮೈತುಂಬ ಮಾಂಸದ ತಳಿ, ಆದರೆ ಅದರ ಕೆಲವು ಪೀಳಿಗೆಗಳಲ್ಲಿ ಹೆದರಿಕೆ ತಾಳದ ಒಂದು ವಂಶವಾಹಿ ಇದೆ. ಅದು ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದ ಹಂದಿಯನ್ನು ಬಿಸಿಲಿನಲ್ಲಿ ಅಟ್ಟಿದರೆ ಬಾಲ ನಡುಗುತ್ತದೆ, ಮೈಮೇಲೆ ಕೆಂಪು ಪಟ್ಟೆ ಏಳುತ್ತದೆ, ಬಾಯಿ ತೆರೆದು ಏದುತ್ತದೆ, ಕೆಲವೊಮ್ಮೆ ಅಲ್ಲಿಯೇ ಬಿದ್ದು ಸಾಯುತ್ತದೆ. ಬದುಕಿ ಕಡಿಸಿದರೂ ಮಾಂಸ ಪೇಲವವಾಗಿ ನೀರು ಬಿಡುತ್ತದೆ. ಲ್ಯಾಂಡ್‌ರೇಸಿನ ಕೆಲವು ಪೀಳಿಗೆಗಳಲ್ಲಿಯೂ ಇದು ಇದೆ. ಹ್ಯಾಂಪ್‌ಷೈರ್ ಹಂದಿಯ ತೊಂದರೆ ಬೇರೆ ಬಗೆಯದು: ಅದರಲ್ಲಿರುವ ಇನ್ನೊಂದು ವಂಶವಾಹಿ ಮಾಂಸವನ್ನು ಹುಳಿಯಾಗಿಸಿ, ಬೇಯುವಾಗ ಕುಗ್ಗಿಸುತ್ತದೆ.

ಜವಾರಿ ಹಂದಿಯನ್ನು ಕೀಳಾಗಿ ಕಾಣಬೇಡಿ. ರೋಗ, ಬಿಸಿಲು, ಹಸಿವು ಮೂರನ್ನೂ ತಾಳುತ್ತದೆ, ಮಾಂಸಕ್ಕೆ ರುಚಿಯಿದೆ. ಆದರೆ ದಿನಕ್ಕೆ 200ರಿಂದ 250 ಗ್ರಾಂ ಬೆಳೆದರೆ ಹೆಚ್ಚು. ಅದಕ್ಕೆ ಅಗ್ಗದ ಮೇವೇ ಲಾಭ.

ಮೂರೂ ಜಿಲ್ಲೆಗಳ ಸಣ್ಣ ಸಾಕಣೆದಾರರಿಗೆ ನನ್ನ ಸಲಹೆ: ತಾಯಿ ಯಾರ್ಕ್‌ಷೈರ್ ಅಥವಾ ಯಾರ್ಕ್‌ಷೈರ್–ಲ್ಯಾಂಡ್‌ರೇಸ್ ಮಿಶ್ರ, ಗಂಡು ಸಿಕ್ಕರೆ ಡ್ಯೂರಾಕ್. ಇದರ ಮರಿಗಳನ್ನೆಲ್ಲ ಮಾಂಸಕ್ಕೆ ಮಾರಿ, ತಳಿಗೆಂದು ಇಟ್ಟುಕೊಳ್ಳಬೇಡಿ. ಮಿಶ್ರಣದ ಹುರುಪು ಮೊದಲ ಪೀಳಿಗೆಯಲ್ಲಿ ಪೂರ್ತಿ ಇರುತ್ತದೆ. ಅವುಗಳನ್ನೇ ಒಂದಕ್ಕೊಂದು ಕೂಡಿಸುತ್ತ ಹೋದರೆ ಕರಗುತ್ತದೆ.

## ಹಂತ 4: ಬೀಜದ ಗಂಡು

ಗುಣಗಳೆಲ್ಲ ಹೆತ್ತವರಿಂದ ಒಂದೇ ಪ್ರಮಾಣದಲ್ಲಿ ಇಳಿದು ಬರುವುದಿಲ್ಲ. ಬೆನ್ನಿನ ಕೊಬ್ಬಿನಲ್ಲಿ ಕಾಣುವ ವ್ಯತ್ಯಾಸದ ಶೇ. 40–50 ಪಾಲು ರಕ್ತದಿಂದ ಬಂದದ್ದು. ಬೆಳವಣಿಗೆಯ ವೇಗದಲ್ಲಿ ಅದು ಶೇ. 30ರ ಆಸುಪಾಸು. ಒಂದು ಸೂಲಿಗೆ ಎಷ್ಟು ಮರಿ ಎಂಬುದರಲ್ಲಿ ಶೇ. 10 ಮಾತ್ರ. ಇದರ ಅರ್ಥ ಸರಳ: ಗಂಡನ್ನು ಆರಿಸುವಾಗ ಅದರ ಬೆಳವಣಿಗೆ ಮತ್ತು ಕೊಬ್ಬನ್ನು ನೋಡಿ, ಆಯ್ಕೆಯ ಫಲ ಮರಿಗಳಲ್ಲಿ ಕಾಣುತ್ತದೆ. ಮರಿಗಳ ಸಂಖ್ಯೆ ಹೆಚ್ಚಬೇಕಾದರೆ ಮಿಶ್ರತಳಿ ತಾಯಿ, ಒಳ್ಳೆಯ ಮೇವು, ಸರಿಯಾದ ಸಮಯಕ್ಕೆ ಗಂಡು ಬಿಡುವುದು, ಇವನ್ನೇ ನೆಚ್ಚಿಕೊಳ್ಳಬೇಕು.

ಗಂಡು ಕೊಳ್ಳಲು ಹೋದಾಗ ಅದರ ಒಡಹುಟ್ಟಿದ ಮರಿಗಳನ್ನು ತೋರಿಸಲು ಕೇಳಿ. ಒಂದೇ ಗೂಡಿನ ಹತ್ತರಲ್ಲಿ ಇದೊಂದೇ ದಪ್ಪಗಿದ್ದರೆ ಅದು ಬೇರೆಯವುಗಳ ಪಾಲಿನ ಹಾಲನ್ನೂ ಕುಡಿದಿರಬಹುದು. ಎಲ್ಲವೂ ಸಮವಾಗಿ ದಪ್ಪಗಿದ್ದರೆ ರಕ್ತ ಒಳ್ಳೆಯದೆನ್ನಬಹುದು. ಗಂಡಾದರೂ ಮೊಲೆತೊಟ್ಟು ಎಣಿಸಿ, ಎರಡು ಬದಿ ಸೇರಿ 12ಕ್ಕೆ ಕಡಿಮೆ ಬೇಡ, 14 ಇದ್ದರೆ ಸಂತೋಷ. ಅದರ ಹೆಣ್ಣುಮಕ್ಕಳಿಗೆ ಅಷ್ಟೇ ತೊಟ್ಟು ಬರಬೇಕಲ್ಲವೇ? ಹೊಕ್ಕುಳಿನಲ್ಲಿ ಅಥವಾ ವೃಷಣದ ಚೀಲದಲ್ಲಿ ಕರುಳು ಇಳಿದಿದ್ದರೆ, ಒಂದೇ ವೃಷಣ ಕಂಡರೆ, ಬೆಲೆ ಎಷ್ಟೇ ಇಳಿಸಿದರೂ ಬಿಟ್ಟು ಬನ್ನಿ.

ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದೇ. ಗಂಡು ಚೆನ್ನಾಗಿದೆಯೆಂದು ಮೂರು ನಾಲ್ಕು ವರ್ಷ ಇಟ್ಟುಕೊಳ್ಳುತ್ತಾರೆ, ಅಷ್ಟರಲ್ಲಿ ಅದರ ಮಗಳೇ ಬೆದೆಗೆ ಬಂದಿರುತ್ತಾಳೆ. ಅಪ್ಪ–ಮಗಳ ಕೂಟದ ಮರಿಗಳಲ್ಲಿ ಒಳಸಂತಾನದ ಪ್ರಮಾಣ ಶೇ. 25. ಮರಿ ಕಡಿಮೆ, ಸಾವು ಹೆಚ್ಚು, ಬದುಕಿದವು ನಿಧಾನ. ಗಂಡನ್ನು ತಂದು ಒಂದೂವರೆ ಎರಡು ವರ್ಷದೊಳಗೆ ಬದಲಿಸಿ, ಇಲ್ಲವೇ ದೂರದ ಊರಿನ ಸಾಕಣೆದಾರರೊಡನೆ ಅದಲುಬದಲು ಮಾಡಿಕೊಳ್ಳಿ. ಪಕ್ಕದ ದೊಡ್ಡಿಯಿಂದ ತಂದರೆ ಅದು ಇದರ ತಮ್ಮನೇ ಆಗಿರುವ ಸಾಧ್ಯತೆ ಉಂಟು. ಹೊರಗಿನಿಂದ ಬಂದ ಯಾವ ಹಂದಿಯನ್ನೂ ಒಂದು ತಿಂಗಳು ಪ್ರತ್ಯೇಕವಾಗಿಡದೆ ಹಿಂಡಿಗೆ ಸೇರಿಸಬೇಡಿ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿಜ್ವರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಬ್ಬುವುದು ಇಂತಹ ಓಡಾಟದಿಂದಲೂ, ಬೇಯಿಸದ ಮುಸುರೆಯಿಂದಲೂ.

## ಹಂತ 5: ಹುಟ್ಟಿನಿಂದ ಎಂಟನೆಯ ವಾರದವರೆಗೆ

ಹಂದಿಯ ಗರ್ಭ 114 ದಿನ. ಮರಿಯ ತೂಕ ತಾಯಿಯ ಹೊಟ್ಟೆಯಲ್ಲಿಯೇ ತೀರ್ಮಾನವಾಗುತ್ತದೆ. 800 ಗ್ರಾಮಿಗಿಂತ ಕಡಿಮೆ ತೂಗುವ ಮರಿಯಲ್ಲಿ ಮಾಂಸದ ಎಳೆಗಳೇ ಕಡಿಮೆ ಇರುತ್ತವೆ, ಹುಟ್ಟಿದ ಮೇಲೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಅಂತಹ ಮರಿ ಎಷ್ಟು ತಿಂದರೂ ತಡವಾಗಿ ಬೆಳೆದು ಕೊಬ್ಬು ಹೆಚ್ಚು ಕಟ್ಟುತ್ತದೆ. ಅದಕ್ಕೆ ಗರ್ಭದ ಹಂದಿಗೆ ದಿನಕ್ಕೆ ಎರಡು, ಎರಡೂವರೆ ಕೆಜಿ ಮೇವು, ಕೊನೆಯ ತಿಂಗಳು ಅರ್ಧ ಕೆಜಿ ಹೆಚ್ಚು.

ಮೂರನೆಯ ದಿನ ಕಬ್ಬಿಣದ ಚುಚ್ಚುಮದ್ದು. ತಾಯಿಯ ಹಾಲಿನಲ್ಲಿ ಕಬ್ಬಿಣ ತೀರ ಕಡಿಮೆ, ಸಿಮೆಂಟ್ ನೆಲದಲ್ಲಿ ಮಣ್ಣೂ ಸಿಗುವುದಿಲ್ಲ. ಕಿವಿಯ ಒಳಬದಿ ಬಿಳಿಚಿಕೊಂಡರೆ ತಡವಾಗಿದೆ ಎಂದರ್ಥ. ಗಂಡು ಮರಿಗಳ ಬೀಜ ಒಡೆಸುವ ಕೆಲಸವನ್ನು ಪಶುವೈದ್ಯರಿಂದ ಎರಡು ವಾರದೊಳಗೆ ಮುಗಿಸಿ. ಪ್ರಾಯದ ಗಂಡಿನ ಮಾಂಸ ಬಾಣಲೆಗೆ ಬಿದ್ದ ಕೂಡಲೇ ಹೊಮ್ಮುವ ಮೂತ್ರದಂತಹ ವಾಸನೆ ಬರಬಾರದೆಂದರೆ ಇದೇ ದಾರಿ.

ಎರಡನೆಯ ವಾರದಿಂದ ಮರಿಗಳ ಮುಂದೆ ಚಿಟಿಕೆ ಚಿಟಿಕೆ ಮೇವು ಇಡಿ, ಸಂಜೆ ಉಳಿದುದನ್ನು ಎಸೆಯಿರಿ. 100 ಕೆಜಿ ಮರಿಮೇವಿಗೆ: ಗೋವಿನಜೋಳ 58, ಸೋಯಾ ಹಿಂಡಿ 28, ಒಣಮೀನಿನ ಪುಡಿ 5, ಗೋಧಿ ಬೂಸಾ 6, ಖನಿಜ–ಜೀವಸತ್ವ ಮಿಶ್ರಣ 2.5, ಉಪ್ಪು ಅರ್ಧ ಕೆಜಿ. ಪ್ರೋಟೀನ್ ಶೇ. 21ರ ಮೇಲೆ ಬರುತ್ತದೆ. ಮೀನಿನ ಪುಡಿಯಲ್ಲಿಯೇ ಉಪ್ಪು ಹೆಚ್ಚಿದ್ದರೆ ಬೇರೆ ಉಪ್ಪು ಹಾಕಬೇಡಿ. ಆರರಿಂದ ಎಂಟು ವಾರಕ್ಕೆ ಹಾಲು ಬಿಡಿಸಿ, ಜಂತುಮದ್ದು ಕೊಡಿ, ಮಾಮೂಲಿ ಹಂದಿಜ್ವರದ (ಆಫ್ರಿಕನ್ ಅಲ್ಲ) ಲಸಿಕೆ ಹಾಕಿಸಿ.

## ಹಂತ 6: 20ರಿಂದ 50 ಕೆಜಿ, ಮಾಂಸ ಕಟ್ಟುವ ಕಾಲ

ಮೊದಲೇ ಹೇಳಿದ ಮಿತಿಯನ್ನು ಹಂದಿ ಮುಟ್ಟಬೇಕಾದ ಕಾಲ ಇದು. ಇಲ್ಲಿ ಪ್ರೋಟೀನ್ ಕಡಿಮೆಯಾದರೆ ಮುಂದೆ ಎಷ್ಟು ಸುರಿದರೂ ಕೊಬ್ಬೇ ಹೆಚ್ಚುತ್ತದೆ.

ಮಿಶ್ರತಳಿಗೆ 100 ಕೆಜಿ ಮೇವು: ಗೋವಿನಜೋಳ 60, ಸೋಯಾ ಹಿಂಡಿ 22, ಗೋಧಿ ಬೂಸಾ 15, ಖನಿಜ ಮಿಶ್ರಣ 2.5, ಉಪ್ಪು 0.5. ಗಿರಣಿಯಲ್ಲಿ ಸಣ್ಣ ರವೆಯಂತೆ ಒಡೆಸಿ. ಇಡೀ ಕಾಳು ಹಾಕಿದರೆ ಸಗಣಿಯಲ್ಲಿ ಇಡಿಯಾಗಿಯೇ ಬರುತ್ತದೆ, ತೀರ ಹಿಟ್ಟಾದರೆ ಹೊಟ್ಟೆಹುಣ್ಣು. ಗೋವಿನಜೋಳ ತುಟ್ಟಿಯಾದಾಗ ಅರ್ಧದಷ್ಟನ್ನು ಬಿಳಿಜೋಳದಿಂದ ತುಂಬಬಹುದು.

ಈ ಮಿಶ್ರಣದಲ್ಲಿ ಪ್ರೋಟೀನ್ ಶೇ. 17.5ರಷ್ಟಿದೆ. ಆದರೆ ನೋಡಬೇಕಾದದ್ದು ಅದಲ್ಲ, ಪ್ರೋಟೀನಿನ ಒಳಗಿರುವ ಲೈಸಿನ್. ಮಾಂಸ ಕಟ್ಟುವ ಇಟ್ಟಿಗೆಗಳಲ್ಲಿ ಮೊದಲು ಮುಗಿದುಹೋಗುವುದು ಅದು. ಅದು ಮುಗಿದಲ್ಲಿಗೆ ಕೆಲಸ ನಿಂತು, ಉಳಿದ ಪ್ರೋಟೀನೆಲ್ಲ ಮೂತ್ರದಲ್ಲಿ ಹೋಗುತ್ತದೆ. ಮೇಲಿನ ಮಿಶ್ರಣದ ಲೆಕ್ಕ ಮಾಡಿ: ಗೋವಿನಜೋಳದಿಂದ 0.15 ಕೆಜಿ, ಸೋಯಾದಿಂದ 0.62, ಬೂಸಾದಿಂದ 0.09. ಒಟ್ಟು ಶೇ. 0.86, ಸಾಕು. ಈಗ ಸೋಯಾ ತೆಗೆದು ಅಷ್ಟೇ ಶೇಂಗಾ ಹಿಂಡಿ ಹಾಕಿ. ಪ್ರೋಟೀನ್ ಹೆಚ್ಚುಕಡಿಮೆ ಮೊದಲಿನಷ್ಟೇ, ಚೀಟಿಯ ಮೇಲೆ ಏನೂ ಬದಲಾಗದು. ಲೈಸಿನ್ ಮಾತ್ರ ಶೇ. 0.57ಕ್ಕೆ ಇಳಿಯುತ್ತದೆ. ಮಿಶ್ರತಳಿ ಬೆಳೆಯುವುದು ನಿಂತು ಹೊಟ್ಟೆ ದಪ್ಪ, ತೊಡೆ ತೆಳ್ಳಗೆ ಆಗುತ್ತದೆ. ಜವಾರಿ ಹಂದಿಗೆ ಅದೇ 0.57 ನಡೆದುಹೋಗುತ್ತದೆ, ಏಕೆಂದರೆ ಅದು ಕಟ್ಟುವ ಮನೆಯೇ ಚಿಕ್ಕದು. ಒಂದೇ ಮೇವು ಎರಡು ದೊಡ್ಡಿಯಲ್ಲಿ ಬೇರೆ ಬೇರೆ ಫಲ ಕೊಡುವ ಗುಟ್ಟು ಇಷ್ಟೇ. ಶೇಂಗಾ ಹಿಂಡಿಯನ್ನೇ ಹಾಕುವುದಾದರೆ ಅಂಗಡಿಯಲ್ಲಿ ಸಿಗುವ ಲೈಸಿನ್ ಪುಡಿಯನ್ನು ಜೊತೆಗೆ ಬೆರೆಸಿ.

ನಮ್ಮ ಜಿಲ್ಲೆಗಳಿಗೇ ವಿಶೇಷವಾದ ಕೆಲವು ತಪ್ಪುಗಳಿವೆ.

ಹೊಲದ ಸೋಯಾ ಹಸಿಯಾಗಿ ಹಾಕುವುದು. ಬೈಲಹೊಂಗಲ ಕಡೆ ಮನೆಮನೆಯಲ್ಲಿ ಸೋಯಾ ಇರುತ್ತದೆ, ಕೈಗೆ ಸಿಕ್ಕಿತೆಂದು ಒಡೆದು ಹಾಕುತ್ತಾರೆ. ಹಸಿ ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ. ಹಸಿವಾಸನೆ ಪೂರ್ತಿ ಹೋಗಿ ಹೊಂಬಣ್ಣಕ್ಕೆ ಬರುವವರೆಗೆ ಹುರಿದೇ ಹಾಕಿ.

ಹತ್ತಿಕಾಳಿನ ಹಿಂಡಿ. ಎಮ್ಮೆಗೆ ಒಗ್ಗಿದ್ದು ಹಂದಿಗೆ ವಿಷ. ಅದರಲ್ಲಿನ ಗಾಸಿಪಾಲ್ ವಾರಗಟ್ಟಲೆ ಮೈಯಲ್ಲಿ ಸೇರುತ್ತ ಹೋಗಿ, ಚೆನ್ನಾಗಿಯೇ ಕಾಣುತ್ತಿದ್ದ ಹಂದಿ ಒಂದು ದಿನ ಉಸಿರುಗಟ್ಟಿ ಬೀಳುತ್ತದೆ. ಬೇಡವೇ ಬೇಡ.

ಮುಸುರೆಯನ್ನೇ ಪೂರ್ತಿ ಮೇವೆಂದು ನಂಬುವುದು. ಹತ್ತು ಕೆಜಿ ಮುಸುರೆಯಲ್ಲಿ ಎಂಟು ಕೆಜಿ ಬರೀ ನೀರು. 30 ಕೆಜಿ ಹಂದಿಯ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹಾಕುವುದಾದರೆ ಪ್ಲಾಸ್ಟಿಕ್, ಹಲ್ಲುಕಡ್ಡಿ ಆರಿಸಿ ತೆಗೆದು ಅರ್ಧ ಗಂಟೆ ಕುದಿಸಿ, ಆರಿಸಿ, ಜೊತೆಗೆ ಸೋಯಾ ಮತ್ತು ಖನಿಜ ಕೊಡಿ. ಹೋಟೆಲಿನ ಸಾರಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಅಂದು ಕುಡಿಯುವ ನೀರು ತಪ್ಪಿದರೆ ಹಂದಿ ಗೋಡೆಗೆ ತಲೆಯೊತ್ತಿ ನಿಲ್ಲುತ್ತದೆ, ಕುರುಡಾದಂತೆ ಅಲೆಯುತ್ತದೆ, ಸೆಳವು ಬಂದು ಬೀಳುತ್ತದೆ. ಕೂಡಲೇ ವೈದ್ಯರನ್ನು ಕರೆಯಿಸಿ. ಗಾಬರಿಯಲ್ಲಿ ಒಮ್ಮೆಲೇ ಬಕೆಟ್ಟುಗಟ್ಟಲೆ ನೀರಿಡಬೇಡಿ, ಸ್ವಲ್ಪ ಸ್ವಲ್ಪವೇ ಕುಡಿಸಿ.

ಬೂಷ್ಟು ಹಿಡಿದ ಗೋವಿನಜೋಳ. ಈ ತಪ್ಪು ನನ್ನದೇ. ಒಂದು ವರ್ಷ ಮಳೆಯಲ್ಲಿ ನೆನೆದ ಕಾಳು ಅಗ್ಗಕ್ಕೆ ಸಿಕ್ಕಿತೆಂದು ಆರು ಚೀಲ ತಂದಿದ್ದೆ. ಹದಿನೈದು ದಿನದಲ್ಲಿ ಮೂರೂವರೆ ತಿಂಗಳ ಹೆಣ್ಣು ಮರಿಗಳ ಯೋನಿ ಬೆದೆಗೆ ಬಂದಂತೆ ಊದಿ ಕೆಂಪಾಯಿತು. ಎಷ್ಟು ಬೇಗ ಪ್ರಾಯಕ್ಕೆ ಬಂದವು ಎಂದು ಹಿಗ್ಗಿದ್ದೂ ನಿಜ. ಪಶುವೈದ್ಯರು ಬಂದವರು ಹಂದಿಯನ್ನು ಮುಟ್ಟಲೂ ಇಲ್ಲ, ಚೀಲದೊಳಗೆ ಕೈ ಹಾಕಿ ಗುಲಾಬಿ ಬಣ್ಣಕ್ಕೆ ತಿರುಗಿದ ಒಂದು ಹಿಡಿ ಕಾಳು ನನ್ನ ಅಂಗೈಗೆ ಸುರಿದರು. ಕೆಲವು ಬೂಷ್ಟು ಹೆಣ್ಣಿನ ಹಾರ್ಮೋನಿನಂತೆಯೇ ಕೆಲಸ ಮಾಡುತ್ತದೆ. ಕಾಳು ಬದಲಿಸಿದ ಮೇಲೆ ಊತ ಇಳಿಯಿತು, ಕಳೆದುಹೋದ ತಿಂಗಳ ಬೆಳವಣಿಗೆ ಮಾತ್ರ ಮರಳಲಿಲ್ಲ. ಕೊಳ್ಳುವಾಗ ಒಂದು ಕಾಳನ್ನು ಹಲ್ಲಿಗಿಟ್ಟು ಕಡಿಯಿರಿ. ಟಕ್ಕೆಂದು ಒಡೆದರೆ ಒಣಗಿದೆ, ಒಡೆಯದೆ ಮೆತ್ತಗೆ ಅಮುಕಿದರೆ ಬಿಟ್ಟುಬಿಡಿ.

## ಹಂತ 7: 50 ಕೆಜಿಯಿಂದ ಮಾರುವವರೆಗೆ

ಈಗ ಹಂದಿಯ ಹಸಿವು ಅದರ ಮಾಂಸ ಕಟ್ಟುವ ಶಕ್ತಿಗಿಂತ ಮುಂದೆ ಓಡುತ್ತದೆ. ಹಿಂದಿನ ಹಂತದಲ್ಲಿ ಧಾರಾಳ, ಇಲ್ಲಿ ಲೆಕ್ಕ. ಮೇವು: ಗೋವಿನಜೋಳ 62, ಸೋಯಾ ಹಿಂಡಿ 14, ಗೋಧಿ ಬೂಸಾ 21, ಖನಿಜ 2.5, ಉಪ್ಪು 0.5. ಪ್ರೋಟೀನ್ ಶೇ. 15. ಕಾಕಂಬಿ ಸಿಕ್ಕರೆ ಗೋವಿನಜೋಳದಲ್ಲಿ ಐದು ಕೆಜಿ ತೆಗೆದು ಅದನ್ನು ಸೇರಿಸಬಹುದು. ಇನ್ನೂ ಹೆಚ್ಚಿಸುತ್ತ ಹೋದರೆ ಸಗಣಿ ತೆಳ್ಳಗಾಗುತ್ತದೆ.

ಬೀಜ ಒಡೆದ ಗಂಡು ಹೆಣ್ಣಿಗಿಂತ ಹೆಚ್ಚು ತಿಂದು ಬೇಗ ಕೊಬ್ಬುತ್ತದೆ. ಸಾಧ್ಯವಾದರೆ 50 ಕೆಜಿಯಿಂದ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿಡಿ. ಮಾಂಸದ ತಳಿಯ ಹೆಣ್ಣಿಗೆ ಹೊಟ್ಟೆತುಂಬ ಹಾಕಿ, ಗಂಡಿಗೆ 60 ಕೆಜಿಯ ನಂತರ ದಿನಕ್ಕೆ ಎರಡೂವರೆ ಕೆಜಿ ಮೀರಬೇಡಿ. ಜವಾರಿ ಮಿಶ್ರಣವಾದರೆ ಈ ಕಡಿವಾಣ 35–40 ಕೆಜಿಯಲ್ಲಿಯೇ ಬೀಳಬೇಕು, ಅದರ ಮಿತಿ ಅಷ್ಟು ಬೇಗ ಬರುತ್ತದೆ. ಬಾಗೇವಾಡಿಯವರ ಮೂರು ಬೆರಳು ಕೊಬ್ಬು ಹುಟ್ಟಿದ್ದು ಇಲ್ಲಿ.

ಹಾಗೆಂದು ಹಸಿವಿಗೆ ದೂಡಬೇಡಿ. ತೀರ ಬಿಗಿಹಿಡಿದರೆ ಮಾಂಸದೊಳಗಿನ ಎಳೆಕೊಬ್ಬು ಕೂರುವುದಿಲ್ಲ, ಬೇಯಿಸಿದಾಗ ನಾರಿನಂತೆ ಒಣಗುತ್ತದೆ. ಎಳೆಕೊಬ್ಬು ಬೇಕೆಂದರೆ ಡ್ಯೂರಾಕ್ ರಕ್ತ ತನ್ನಿ. ಅದನ್ನು ಬರೀ ಮೇವಿನಿಂದ ತರಲು ಹೊರಟರೆ ಚರ್ಮದ ಕೆಳಗಿನ ಕೊಬ್ಬು ಮೊದಲು ಬಂದು ಕೂರುತ್ತದೆ.

ಕೊಬ್ಬಿನ ಗಟ್ಟಿತನಕ್ಕೆ ಮಾತ್ರ ಬಹುಪಾಲು ಮೇವೇ ಹೊಣೆ ಎನ್ನಬಹುದು. ಹಂದಿ ತಿಂದ ಎಣ್ಣೆ ಹೇಗಿತ್ತೋ ಅದರ ಕೊಬ್ಬೂ ಹಾಗೆಯೇ. ಎಣ್ಣೆ ತೆಗೆಯದ ಅಕ್ಕಿ ತೌಡು, ಗಾಣದ ಸೂರ್ಯಕಾಂತಿ ಹಿಂಡಿ, ಹುರಿದ ಇಡೀ ಸೋಯಾ, ಇವುಗಳನ್ನು ಕೊನೆಯ ಆರು ವಾರ ನಿಲ್ಲಿಸಿ. ಮೀನಿನ ಪುಡಿಯನ್ನೂ ಅಷ್ಟೇ, ಇಲ್ಲವಾದರೆ ಹಂದಿಮಾಂಸ ಮೀನು ನಾರುತ್ತದೆ.

ಮೇವಿನ ಖರ್ಚು ಹೀಗೆ ತಾಳೆ ನೋಡಿ: 20ರಿಂದ 90 ಕೆಜಿಗೆ ಏರಲು, ಅಂದರೆ 70 ಕೆಜಿ ಗಳಿಸಲು, ಒಳ್ಳೆಯ ಮಿಶ್ರತಳಿ ಸುಮಾರು 230 ಕೆಜಿ ಮೇವು ತಿನ್ನುತ್ತದೆ. ನಿಮ್ಮಲ್ಲಿ 300 ದಾಟುತ್ತಿದ್ದರೆ ಎಲ್ಲೋ ಸೋರುತ್ತಿದೆ. ಬಹಳ ಸಲ ಅದು ಅಕ್ಷರಶಃ ಸೋರಿಕೆ, ತೊಟ್ಟಿಯಿಂದ ನೆಲಕ್ಕೆ. ತೊಟ್ಟಿಯನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ.

## ಹಂತ 8: ಬೇಸಿಗೆಯ ಲೆಕ್ಕ

ಹಂದಿ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. ವಿಜಯಪುರದಲ್ಲಿ ಏಪ್ರಿಲ್–ಮೇ ಬಿಸಿಲು 40 ಡಿಗ್ರಿ ದಾಟಿದಾಗ ಅದು ಮಾಡುವ ಮೊದಲ ಕೆಲಸ ಮೇವು ಬಿಡುವುದು. ಅರಗಿಸುವುದರಿಂದಲೂ ಮೈ ಕಾಯುತ್ತದೆ, ಅದಕ್ಕೆ. ಹೆಚ್ಚು ಬೆಳೆಯುವ ತಳಿ ಹೆಚ್ಚು ಕಾಯುತ್ತದೆ, ಆದ್ದರಿಂದ ಮೊದಲು ಸೊರಗುವುದೂ ಅದೇ. ಬೆಳಗ್ಗೆ ಆರಕ್ಕೆ ಮತ್ತು ಸೂರ್ಯ ಮುಳುಗಿದ ಮೇಲೆ ಮೇವು ಹಾಕಿ. ಬೂಸಾ ಕಡಿಮೆ ಮಾಡಿ ಗೋವಿನಜೋಳ ತುಸು ಹೆಚ್ಚಿಸಿ, ನಾರು ಹೆಚ್ಚಿದಷ್ಟೂ ಹೊಟ್ಟೆಯ ಕಾವು ಹೆಚ್ಚು. ಮಧ್ಯಾಹ್ನ ಮೈಮೇಲೆ ನೀರು ಹನಿಸಿ. ಕುಡಿಯುವ ನೀರಿನ ಪೈಪು ಬಿಸಿಲಿನಲ್ಲಿ ಹಾದು ಬಂದಿದ್ದರೆ ಒಮ್ಮೆ ನೀವೇ ಮುಟ್ಟಿ ನೋಡಿ, ಅಂತಹ ನೀರನ್ನು ಯಾವ ಪ್ರಾಣಿಯೂ ಕುಡಿಯದು.

## ಹಂತ 9: ದೋಷ ರಕ್ತದ್ದೋ, ಮೇವಿನದೋ?

ನೋಟ್‌ಬುಕ್ ತೆರೆಯುವ ಹೊತ್ತು ಇದು. ಮೂರು ತಿಂಗಳ ಅಳತೆ ಮುಂದಿಟ್ಟುಕೊಂಡು ಕೂರಿ.

ಇಡೀ ಕೋಣೆ ನಿಧಾನವಾಗಿದ್ದರೆ ಮೇವು, ನೀರು, ಜಂತು ಅಥವಾ ಬಿಸಿಲು. ತಳಿಗೆ ಕೈಹಾಕಬೇಡಿ. ಕೋಣೆಯಲ್ಲಿ ಕೆಲವು ಮಾತ್ರ ಸಣ್ಣಗಿದ್ದರೆ ಮೊದಲು ತೊಟ್ಟಿಯ ಉದ್ದ ಅಳೆಯಿರಿ. ದೊಡ್ಡ ಹಂದಿಯೊಂದಕ್ಕೆ ಒಂದಡಿ ಜಾಗ ಸಿಗದಿದ್ದರೆ ಬಡಪಾಯಿಗಳು ಹಿಂದೆ ಸರಿಯುತ್ತವೆ. ಸಣ್ಣವನ್ನು ಬೇರೆ ಮಾಡಿ ಮೂರು ವಾರ ನೋಡಿ. ಏರಿದರೆ ಜಗಳದ ಫಲ. ಏರದೆ, ಅವೆಲ್ಲ ಒಂದೇ ತಾಯಿಯ ಮಕ್ಕಳಾಗಿದ್ದು, ಹಿಂದಿನ ಸೂಲಿನಲ್ಲಿಯೂ ಹಾಗೆಯೇ ಇದ್ದಿದ್ದರೆ ಆ ತಾಯಿಯನ್ನು ಮಾರಿ. ಬೇರೆ ಬೇರೆ ತಾಯಂದಿರ ಮರಿಗಳೆಲ್ಲ ಕೊಬ್ಬುತ್ತಿದ್ದು, ತಂದೆ ಒಂದೇ ಆಗಿದ್ದರೆ ಗಂಡನ್ನು ಬದಲಿಸಿ.

ಇನ್ನೂ ಅನುಮಾನವಿದ್ದರೆ ಅಗ್ಗದ ಪರೀಕ್ಷೆಯೊಂದಿದೆ. ಒಂದೇ ಸೂಲಿನ ನಾಲ್ಕು ಮರಿಗಳಲ್ಲಿ ಎರಡಕ್ಕೆ ನಿಮ್ಮ ಮಾಮೂಲಿ ಮೇವು, ಎರಡಕ್ಕೆ ಆರನೆಯ ಹಂತದ ಮಿಶ್ರಣ, ನಾಲ್ಕು ವಾರ. ಮಿಶ್ರಣ ತಿಂದವು ಹೆಚ್ಚು ಬೆಳೆದರೆ ನಿಮ್ಮ ಮಾಮೂಲಿ ಮೇವಿನ ದೋಷ. ವ್ಯತ್ಯಾಸವೇ ಕಾಣದಿದ್ದರೆ ಆ ರಕ್ತದ ಮಿತಿ ಅಷ್ಟೇ. ಅಗ್ಗದ ಮೇವಿಗೆ ಇಳಿದು, ಮುಂದಿನ ಸಲ ಬೇರೆ ಗಂಡು ತನ್ನಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ಎಂದಿಗೂ ತಿಳಿಯುವುದಿಲ್ಲ.

## ಹಂತ 10: ಕೊನೆಯ ಒಂದು ದಿನ

ಏಳು ತಿಂಗಳ ದುಡಿಮೆ ಏಳು ಗಂಟೆಯಲ್ಲಿ ಹಾಳಾಗುವುದುಂಟು. ಹಿಂದಿನ ಸಂಜೆಯಿಂದ ಮೇವು ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಗಾಡಿಗೆ ರಾತ್ರಿ ಹತ್ತಿಸಿ, ದೊಣ್ಣೆ ಬೇಡ, ಹಲಗೆ ಅಡ್ಡ ಹಿಡಿದು ನಡೆಸಿದರೆ ಸಾಕು. ಬೇರೆ ಬೇರೆ ಕೋಣೆಯ ಹಂದಿಗಳನ್ನು ಒಟ್ಟಿಗೆ ತುಂಬಿದರೆ ದಾರಿಯುದ್ದಕ್ಕೂ ಕಚ್ಚಾಡುತ್ತವೆ. ಚೋರ್ಲಾ ಘಾಟಿನ ತಿರುವುಗಳೇ ಅವಕ್ಕೆ ಸಾಕಷ್ಟು ಹಿಂಸೆ. ರಾಜ್ಯದ ಗಡಿ ದಾಟುವ ಗಾಡಿಯಲ್ಲಿ ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಇರಲಿ. ತಲುಪಿದ ಮೇಲೆ ಎರಡು ಮೂರು ಗಂಟೆ ನೆರಳಿನಲ್ಲಿ ಮಲಗಲು ಬಿಡಿ.

ಕಡಿಯುವ ಮುಂಚೆಯೇ ಹೆದರಿ ಓಡಿದ ಹಂದಿಯ ಮಾಂಸ, ಮೈ ಇನ್ನೂ ಬಿಸಿಯಿರುವಾಗಲೇ ಹುಳಿಯಾಗಿ ಬಿಳಿಚುತ್ತದೆ, ಮೆತ್ತಗಾಗಿ ಹಲಗೆಯ ಮೇಲೆ ನೀರು ಬಿಡುತ್ತದೆ. ಗಂಟೆಗಟ್ಟಲೆ ಕಚ್ಚಾಡಿ ಸೋತದ್ದರ ಮಾಂಸ ಕಪ್ಪಗೆ, ಅಂಟಂಟಾಗಿ, ಬೇಗ ಕೆಡುತ್ತದೆ. ನೀರು ಬಿಡುವ ಮಾಂಸ ಒಂದು ಗಾಡಿಯಲ್ಲಿ ಎಲ್ಲ ಹಂದಿಗಳಲ್ಲಿಯೂ ಕಂಡರೆ ತಪ್ಪು ಸಾಗಣೆಯದು. ನಿಧಾನವಾಗಿ ಕರೆದೊಯ್ದಾಗಲೂ ಒಂದೇ ಗಂಡಿನ ಮಕ್ಕಳಲ್ಲಿ ಕಂಡರೆ, ಮೂರನೆಯ ಹಂತದಲ್ಲಿ ಹೇಳಿದ ಹೆದರಿಕೆಯ ವಂಶವಾಹಿಯ ಅನುಮಾನಪಡಿ.

ಹಣ ಎಣಿಸಿಕೊಂಡು ಹೊರಡುವ ಮುನ್ನ ಯಕೃತ್ತನ್ನು ತೋರಿಸಲು ಅಂಗಡಿಯವರನ್ನು ಕೇಳಿ. ಮೇಲೆ ಹಾಲು ಚೆಲ್ಲಿದಂತಹ ಬಿಳಿ ಕಲೆಗಳಿದ್ದರೆ ದುಂಡುಹುಳು ಹಾದುಹೋಗಿದೆ, ಜಂತುಮದ್ದಿನ ದಿನಾಂಕ ತಪ್ಪಿದೆ. ಮಾಂಸದೊಳಗೆ ಅಕ್ಕಿಕಾಳಿನಂತಹ ನೀರುಗುಳ್ಳೆ ಕಂಡರೆ ಆ ಹಂದಿ ಎಲ್ಲೋ ಮನುಷ್ಯರ ಮಲ ತಿಂದಿದೆ. ಆ ಮಾಂಸವನ್ನು ಮಾರಬಾರದು, ದೊಡ್ಡಿಯ ಬೇಲಿಯನ್ನು ಅಂದೇ ಸರಿಪಡಿಸಬೇಕು. ಏನೂ ಇಲ್ಲದಿದ್ದರೆ ಕೊನೆಯ ಪಕ್ಕೆಲುಬಿನ ಬಳಿ ಬೆನ್ನುಕೊಬ್ಬಿನ ದಪ್ಪವನ್ನು ಅದೇ ದರ್ಜಿಯ ಟೇಪಿನಿಂದ ಅಳೆದು, ಬಿಲ್ಲೆಯ ಸಂಖ್ಯೆಯ ಮುಂದೆ, ತಂದೆ–ತಾಯಿಯ ಹೆಸರಿನ ಪಕ್ಕದಲ್ಲಿ ಬರೆದುಕೊಳ್ಳಿ.